ವ್ಯಸನದ ಹೊಣೆ ಯಾರದು?

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಗಾಂಜಾದೊಡನೆ ತರುಣನೊಬ್ಬ ಸಿಕ್ಕಿಬಿದ್ದ ವಾರ್ತೆ ಬಂದೊಡನೆ ತಪ್ಪು ಯಾರದೆಂಬ ಚರ್ಚೆ ಮೊದಲಾಗುತ್ತದೆ. ತಂದೆತಾಯಿಗಳು ಪೊಲೀಸರತ್ತ, ಪೊಲೀಸರು ತಂದೆತಾಯಿಗಳತ್ತ, ಊರಿನ ಹಿರಿಯರು ಹೊರಗಿನಿಂದ ಬಂದವರತ್ತ ಬೆರಳು ತೋರುತ್ತಾರೆ. ಈ ವಾದಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಪ್ರತಿಯೊಂದೂ ವಾದಿಸುವವನನ್ನು ಮಾತ್ರ ಹೊಣೆಯಿಂದ ಬಿಡಿಸುತ್ತದೆ. ಆದುದರಿಂದ ಅವುಗಳನ್ನು ಪರಾಮರ್ಶಿಸುವುದು ಉಚಿತ.

ಮೊದಲನೆಯದು ಪೊಲೀಸರ ಮೇಲಣ ಆಕ್ಷೇಪ. ಮಾದಕವಸ್ತುಗಳ ನಿಯಂತ್ರಣಕ್ಕೆ 1985ರಲ್ಲಿಯೇ ಕೇಂದ್ರ ಶಾಸನ ಬಂದಿದೆ. ಮಾರುವವನನ್ನು ಹಿಡಿಯುವುದು ನಿಸ್ಸಂದೇಹವಾಗಿ ಸರಕಾರದ ಕರ್ತವ್ಯ. ಅಲ್ಲಿ ಶೈಥಿಲ್ಯ ಕಂಡರೆ ಪ್ರಶ್ನಿಸುವ ಹಕ್ಕು ಪ್ರಜೆಗಳಿಗಿದೆ. ಆದರೆ ಅಮಲು ಗಾಂಜಾದಿಂದ ಮಾತ್ರ ಬರುವುದಿಲ್ಲ. ನಿದ್ರೆಯ ಗುಳಿಗೆ, ನೋವಿನ ಗುಳಿಗೆಗಳೂ ದುರುಪಯೋಗಕ್ಕೆ ಒಳಗಾಗುತ್ತವೆ. ಇಂಥ ಹಲವು ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು, ಮಾರಿದ ವಿವರವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು ಎಂಬ ನಿಯಮ 2014ರಿಂದ ಜಾರಿಯಲ್ಲಿದೆ. ಪ್ರತಿ ಔಷಧದಂಗಡಿಯ ಮುಂದೆ ಪೊಲೀಸರು ಕಾವಲಿರಲಾರರು. ಅಲ್ಲಿ ಕುಳಿತಿರುವ ವ್ಯಾಪಾರಿ ನಮ್ಮ ಊರಿನವನೇ, ಎಷ್ಟೋ ಸಲ ಮಠದ ಭಕ್ತನೇ.

ಎರಡನೆಯದು, ಮನೆಯ ಸಂಸ್ಕಾರ ಕೆಟ್ಟಿತೆಂಬ ಮಾತು. ಇದರಲ್ಲಿ ಸತ್ಯಾಂಶವುಂಟು. ಆದರೆ ದಾವಣಗೆರೆ ಇಂದು ವಿದ್ಯಾಕೇಂದ್ರ. ಇಲ್ಲಿ 1965ರಲ್ಲಿ ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ ತಲೆಯೆತ್ತಿದವು. ಪರಸ್ಥಳದ ಮಕ್ಕಳು ಹಾಸ್ಟೆಲುಗಳಲ್ಲಿಯೂ ಬಾಡಿಗೆಯ ಕೊಠಡಿಗಳಲ್ಲಿಯೂ ಇದ್ದು ಓದುತ್ತಾರೆ. ದೂರದ ಹಳ್ಳಿಯ ತಾಯಿ ಮಗನ ಮುಖವನ್ನು ನಿತ್ಯ ಕಾಣಳು; ಕಾಣುವವರು ವಾರ್ಡನ್, ಅಧ್ಯಾಪಕ ಮತ್ತು ಕೊಠಡಿಯ ಮಾಲೀಕ.

ಮೂರನೆಯದು ನಿರುದ್ಯೋಗದ ವಾದ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದ ವೇಳೆಗೆ ಸ್ತಬ್ಧವಾಯಿತು. ಕಾಯಕ ತಪ್ಪಿದ ಮನೆಗಳು ಕಂಗೆಟ್ಟುದು ನಿಜ. ಆದರೆ ಅದರಿಂದ ಬಡವರ ಕೇರಿಯೇ ಅಪರಾಧದ ತವರೆಂದು ತೀರ್ಮಾನಿಸುವುದು ಅನ್ಯಾಯ. ಕೊಳ್ಳುವವನಿಲ್ಲದೆ ಮಾರುವವನಿಲ್ಲ, ಕೊಳ್ಳಲು ಹಣ ಬೇಕು.

ಇಲ್ಲಿ ವಾದಿಗಳೆಲ್ಲರೂ ಕಾರಣವನ್ನೂ ಹೊಣೆಯನ್ನೂ ಒಂದೇ ಎಂದು ಭಾವಿಸಿದ್ದಾರೆ. ಕಾರಣ ಆಗಿಹೋದುದಕ್ಕೆ ಸಂಬಂಧಿಸಿದುದು. ಹೊಣೆ ಇನ್ನು ಮಾಡಬೇಕಾದುದಕ್ಕೆ. ಯಾರ ಕೈಯಲ್ಲಿ ಮಾಡಲು ಏನಾದರೂ ಉಳಿದಿದೆಯೋ ಅವರೆಲ್ಲ ಹೊಣೆಗಾರರು.

ಈ ದೃಷ್ಟಿಯಿಂದ ಅತ್ಯಂತ ಶೋಚನೀಯವಾದುದು ವಿದ್ಯಾಸಂಸ್ಥೆಗಳ ಮೌನ. ಮಠಗಳು ನಡೆಸುವ ಸಂಸ್ಥೆಗಳೂ ಈ ಮಾತಿಗೆ ಹೊರತಲ್ಲ. ವ್ಯಸನಕ್ಕೆ ಬಿದ್ದ ವಿದ್ಯಾರ್ಥಿಗೆ ಸದ್ದಿಲ್ಲದೆ ಟಿ.ಸಿ. ಕೊಟ್ಟು ಕಳುಹಿಸಿದರೆ ಸಂಸ್ಥೆಯ ಮಾನ ಉಳಿದೀತು, ಹುಡುಗ ಉಳಿಯುವುದಿಲ್ಲ. ಅವನು ಮತ್ತೊಂದು ಕಾಲೇಜಿಗೋ ಬೀದಿಗೋ ಸೇರುತ್ತಾನೆ. ಕಾನೂನಾದರೂ ಇಷ್ಟು ನಿಷ್ಠುರವಾಗಿಲ್ಲ. ಸೇವನೆ ಅಥವಾ ಅಲ್ಪ ಪ್ರಮಾಣದ ಆಪಾದನೆಯುಳ್ಳ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನನ್ನು ಮೊಕದ್ದಮೆಯಿಂದ ಮುಕ್ತಗೊಳಿಸಲು ಆ ಶಾಸನದ 64ಎ ವಿಧಿ ಅವಕಾಶವಿತ್ತಿದೆ. ನ್ಯಾಯಾಲಯ ತೋರುವ ಕರುಣೆಯನ್ನು ಗುರುಕುಲ ತೋರದಿದ್ದರೆ ದಾಸೋಹಕ್ಕೆ ಅರ್ಥವೇನು?

ಇಳಕಲ್ಲಿನ ಶ್ರೀ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು, ದವಸಕ್ಕೆ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಚಟ ಯಾರಿಂದ ಬಂತೆಂದು ವಿಚಾರಣೆ ನಡೆಸುವುದಕ್ಕಿಂತ ಅದನ್ನು ಬಿಡಿಸುವುದು ಅವರಿಗೆ ಮುಖ್ಯವಾಯಿತು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಆದರೆ ವರ್ಷಕ್ಕೊಮ್ಮೆ ಪ್ರತಿಜ್ಞೆ ಬೋಧಿಸಿದ ಮಾತ್ರಕ್ಕೆ ಜೋಳಿಗೆ ತುಂಬದು. ಪ್ರತಿಜ್ಞೆಯ ಜೊತೆಗೆ ವೈದ್ಯನೂ ಬೇಕು. ಕುಡಿತದಂಥ ಚಟವನ್ನು ಹಠಾತ್ತನೆ ಬಿಟ್ಟರೆ ಕೆಲವರ ಪ್ರಾಣಕ್ಕೇ ಅಪಾಯವುಂಟು.

ಸದ್ಭಕ್ತರಲ್ಲಿ ಹಾಸ್ಟೆಲು ನಡೆಸುವವರಿದ್ದೀರಿ, ಔಷಧ ಮಾರುವವರಿದ್ದೀರಿ, ಕೊಠಡಿ ಬಾಡಿಗೆಗೆ ಕೊಟ್ಟವರಿದ್ದೀರಿ. ಚಿಕಿತ್ಸೆಗೆ ಅವಕಾಶ ಕೊಡದೆ ಯಾವ ವಿದ್ಯಾರ್ಥಿಯನ್ನೂ ಹೊರಹಾಕುವುದಿಲ್ಲ, ಚೀಟಿಯಿಲ್ಲದೆ ಗುಳಿಗೆ ಕೊಡುವುದಿಲ್ಲ, ಬಾಡಿಗೆ ಪಡೆದು ಕಣ್ಣು ಮುಚ್ಚಿಕೊಳ್ಳುವುದಿಲ್ಲ ಎಂಬ ಮೂರು ನಿಶ್ಚಯಗಳನ್ನು ನೀವು ಮಾಡಿದ ಬಳಿಕ, ಪೊಲೀಸರನ್ನು ಪ್ರಶ್ನಿಸುವ ನಿಮ್ಮ ಧ್ವನಿಗೆ ಬಲ ಬರುತ್ತದೆ.