ಜೋಡು ನಳಿಗೆ ಕೋವಿ ಕೊಳ್ಳುವಾಗ

ರಫ್ಡ್ ಗ್ರೌಸ್ ಹಕ್ಕಿ ಪೊದೆಯೊಳಗೆ ಮಿಸುಕಾಡದೆ ಕೂತಿದ್ದು, ನೀವು ತೀರಾ ಹತ್ತಿರ ಬಂದಾಗ ಸದ್ದು ಮಾಡಿಕೊಂಡು ಏಳುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ, ಮಿಷಿಗನ್ ಕಡೆಯ ಎಳೆ ಮರಗಳ ಕಾಡಿನಲ್ಲಿ ಅದು ಕಣ್ಣಿಗೆ ಬೀಳುವುದು ಒಂದೆರಡು ಕ್ಷಣ ಮಾತ್ರ. ಹೊಡೆತ ಹೆಚ್ಚಾಗಿ ಇಪ್ಪತ್ತೈದು ಗಜದೊಳಗೇ. ಬೆಳಗಿನಿಂದ ಸಂಜೆಯವರೆಗೆ ಕೋವಿ ಹೊತ್ತು ನಡೆದರೂ ಅದನ್ನು ಹೆಗಲಿಗೆ ಏರಿಸುವುದು ಕೆಲವೇ ಸಲ. ಆದ್ದರಿಂದ ಮೊದಲು ತೂಕ ನೋಡಿ, ಕೆತ್ತನೆಯನ್ನು ಆಮೇಲೆ ನೋಡಿದರಾಯಿತು.

ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಗ್ರೀನರ್ ಹೇಳಿದ ಲೆಕ್ಕ ಈಗಲೂ ಕೆಲಸಕ್ಕೆ ಬರುತ್ತದೆ: ತೋಟಾದಲ್ಲಿರುವ ಸೀಸದ 96 ಪಟ್ಟು ತೂಕ ಕೋವಿಗಿರಬೇಕು. 28 ಗ್ರಾಂ ಸೀಸಕ್ಕೆ ಸುಮಾರು 2.7 ಕಿಲೋ ಆಯಿತು. ಅದಕ್ಕಿಂತ ಬಹಳ ಹಗುರಾದರೆ ಹೆಗಲಿಗೆ ಒದೆತ ಜಾಸ್ತಿ. ಹಕ್ಕಿಯ ಜೊತೆ ತಿರುಗುತ್ತಿದ್ದ ನಳಿಗೆ ನಡುವೆಯೇ ನಿಂತುಬಿಡುತ್ತದೆ. ಈ ಕಾಡಿಗೆ ನನ್ನ ಆಯ್ಕೆ ಅಷ್ಟೇ ತೂಕದ 20 ಬೋರ್.

ಟ್ರಿಗರ್ ಎರಡಿರಲಿ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಸಾಮಾನ್ಯವಾಗಿ ಮುಂದಿನ ಟ್ರಿಗರಿಗೆ ಬಲ ನಳಿಗೆ, ಹಿಂದಿನದಕ್ಕೆ ಎಡ ನಳಿಗೆ. ಬಲದ್ದರ ಚೋಕ್, ಅಂದರೆ ನಳಿಗೆಯ ಬಾಯಿಯ ಇರುಕು, ಸಡಿಲ; ಎಡದ್ದು ಬಿಗಿ. ಹಕ್ಕಿ ದೂರದಲ್ಲೇ ಎದ್ದರೆ ಬೆರಳು ಸೀದಾ ಹಿಂದಿನ ಟ್ರಿಗರಿಗೆ ಹೋಗುತ್ತದೆ, ಯಾವ ಗುಂಡಿಯನ್ನೂ ಸರಿಸಬೇಕಿಲ್ಲ. ಹಿಡಿ ಬಾಗಿರದೆ ನೇರವಾಗಿದ್ದರೆ ಕೈ ಹಿಂದಕ್ಕೆ ಜಾರುವುದೂ ಸುಲಭ.

ಹಳೆಯ ಇಂಗ್ಲಿಷ್ ಕೋವಿಯಾದರೆ ಒಳಗೆ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಳಿಗೆಗಳನ್ನು ಬಿಚ್ಚಿ. ಕೆಳಗಿನ ಕೊಕ್ಕೆಗೆ ಬೆರಳು ಹಾಕಿ ತೂಗುಬಿಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಉಳಿದರೆ ಬೆಸುಗೆ ಗಟ್ಟಿಯಾಗಿದೆ. ಬೊದ್ದು ಸದ್ದು ಬಂದರೆ ಎರಡು ನಳಿಗೆಗಳ ನಡುವಿನ ಪಟ್ಟಿ ಎಲ್ಲೋ ಬಿಟ್ಟಿದೆ. ಬಳಿಕ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಕೋವಿ ಪರೀಕ್ಷಾ ಕೇಂದ್ರದ (ಪ್ರೂಫ್ ಹೌಸ್) ಮುದ್ರೆ ಹುಡುಕಿ. ಹಳೆಯವು ಅನೇಕ 65 ಮಿ.ಮೀ. ತೋಟಾಕ್ಕೆಂದೇ ಮಾಡಿದವು. ಇಂದಿನ 70 ಮಿ.ಮೀ. ತೋಟಾ ಒಳಗೇನೋ ಕೂರುತ್ತದೆ, ಆದರೆ ಹಾರಿಸಿದಾಗ ಅದರ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ದಪ್ಪವನ್ನು ಬಲ್ಲವರಿಂದ ಅಳೆಸದೆ ದುಡ್ಡು ಕೊಡಬೇಡಿ. ಡಮಾಸ್ಕಸ್ ನಳಿಗೆಯ ಸುರುಳಿ ಗೆರೆ ಎಷ್ಟೇ ಚಂದವಿರಲಿ, ಅದಕ್ಕೂ ಈ ಮಾತು ಅನ್ವಯ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆಯಿತು, ಅದು ಆಗಲೇಬೇಕಾಗಿತ್ತು. ಆದರೂ ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್‌ಗೆ ಪೂಜೆಗೊಳ್ಳುವ, ಪುತ್ತರಿಯ ಕದಿರು ಕೊಯ್ಯುವಾಗ ಗಾಳಿಗೆ ಹಾರಿಸುವ ಕೋವಿಗಳಿವೆ. ತಾತನ ಕಾಲದ ಕೋವಿ ಇಟ್ಟುಕೊಂಡವರೂ ಈ ಪರೀಕ್ಷೆಗಳನ್ನು ಒಮ್ಮೆ ಮಾಡಿಸಲೇಬೇಕು.

ಹೊಸದನ್ನೇ ಕೊಳ್ಳುವವರಿಗೆ ಸ್ಪೇನಿನ ಐಬಾರ್ ಊರಿನ ಸಾದಾ ಬಾಕ್ಸ್‌ಲಾಕ್ ಸಾಕು. ಆನ್ಸನ್ ಮತ್ತು ಡೀಲಿ 1875ರಲ್ಲಿ ರೂಪಿಸಿದ ಆ ಯಂತ್ರ ಸರಳ, ಗಟ್ಟಿ. ಉಳಿದ ಹಣದಲ್ಲಿ ಕೋವಿಯ ಮರದ ಬಟ್ಟನ್ನು ನಿಮ್ಮ ಮೈಗೆ ಹೊಂದಿಸಿಕೊಳ್ಳಿ. ಖಾಲಿ ಕೋವಿಯನ್ನು ಕಣ್ಣು ಮುಚ್ಚಿ ಹೆಗಲಿಗೇರಿಸಿ, ಆಮೇಲೆ ಕಣ್ಣು ತೆರೆಯಿರಿ. ನೋಟ ನಳಿಗೆಗಳ ನಡುವಿನ ಪಟ್ಟಿಯ ಮೇಲೆ ನೇರವಾಗಿ ಹರಿಯಬೇಕು. ಕೆನ್ನೆಯನ್ನು ಒತ್ತಿ ಸರಿಮಾಡಿಕೊಳ್ಳಬೇಕಾಗಿ ಬಂದರೆ ಮರ ಇನ್ನೂ ಹೊಂದಿಲ್ಲ. ಮತ್ತೆ ಬಡಗಿಯ ಕೈಗೆ ಕೊಡಿ.