ಇಂಪ್ಲಾಂಟಿನ ಆಕಾರವೂ ಮೂಳೆಯ ಸವೆತವೂ: ಒಂದು ಅಳತೆಗೋಲಿನ ವಿಮರ್ಶೆ

ದವಡೆಯ ಮೂಳೆಯಲ್ಲಿ ತಿರುಪಿನಂತೆ ಕೂರಿಸಿ, ಅದರ ಮೇಲೆ ಕೃತಕದಂತವನ್ನು ನಿಲ್ಲಿಸುವ ಟೈಟೇನಿಯಂ ಇಂಪ್ಲಾಂಟಿನ ಸಾಫಲ್ಯವನ್ನು ನಿರ್ಣಯಿಸಲು ಇಂದಿಗೂ ಪದೇ ಪದೇ ಉದಾಹರಿಸಲ್ಪಡುವ ನಿಯಮಗಳು 1986ರವು. ಆಲ್‌ಬ್ರೆಕ್ಟ್‌ಸನ್, ಜಾರ್ಬ್ ಮೊದಲಾದವರು ಪ್ರಕಟಿಸಿದ ಆ ನಿಯಮಗಳ ಮೇರೆಗೆ, ಮೊದಲ ವರ್ಷ ಕಳೆದ ಬಳಿಕ ಇಂಪ್ಲಾಂಟಿನ ಸುತ್ತಣ ಮೂಳೆಯು ವರ್ಷಕ್ಕೆ 0.2 ಮಿ.ಮೀ.ಗಿಂತ ಕಡಮೆ ಸವೆಯತಕ್ಕದ್ದು. ಮೊದಲ ವರ್ಷದ ಸವೆತಕ್ಕೆ ಮಾತ್ರ ಅಲ್ಲಿ ಮಿತಿಯಿಲ್ಲ. ಈ ವಿನಾಯಿತಿಯೇ ಪ್ರಕೃತ ವಿಮರ್ಶೆಯ ವಿಷಯ.

ಇದಕ್ಕೆ ಚಾರಿತ್ರಿಕ ಕಾರಣವುಂಟು. ಬ್ರೋನೆಮಾರ್ಕರು 1965ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಆರಂಭಿಸಿದ ಚಿಕಿತ್ಸೆಯ ಹದಿನೈದು ವರ್ಷಗಳ ಫಲಿತಾಂಶವನ್ನು ಅವರ ತಂಡ 1981ರಲ್ಲಿ ಪ್ರಕಟಿಸಿತು. ಗಾಯ ಮಾಯುವ ಕಾಲವೂ ಮೊದಲ ವರ್ಷವೂ ಸೇರಿ ಸರಾಸರಿ 1.5 ಮಿ.ಮೀ., ಅನಂತರ ವರ್ಷಕ್ಕೆ 0.1 ಮಿ.ಮೀ. ಸವೆತವೆಂದು ಅದರಲ್ಲಿ ಕಂಡುಬಂದಿತು. ಆದರೆ ಈ ಅಂಕಿಗಳು ಒಂದೇ ಬಗೆಯ ಇಂಪ್ಲಾಂಟಿನವು. ಅದರ ಮೈ ನಯವಾದುದು, ತಲೆ ಚಪ್ಪಟೆಯಾದುದು, ಮೇಲಿನ ಕಂಬವು ಅಂಚಿಗೆ ಅಂಚು ಕೂಡುವಂಥದು. ಒಂದು ಆಕಾರದ ಪರಿಣಾಮವನ್ನು ಕಾಲಕ್ರಮದಲ್ಲಿ ಮೂಳೆಯ ಸ್ವಭಾವವೆಂದೇ ಬಗೆಯಲಾಯಿತು.

ಈ ಭಾವನೆಯನ್ನು ಅಲುಗಿಸಿದ್ದು ಒಂದು ಆಕಸ್ಮಿಕ. 1991ರಲ್ಲಿ 5 ಮತ್ತು 6 ಮಿ.ಮೀ. ವ್ಯಾಸದ ಇಂಪ್ಲಾಂಟುಗಳು ಬಳಕೆಗೆ ಬಂದಾಗ ಅವಕ್ಕೆ ಸರಿಹೊಂದುವ ಕಂಬಗಳು ದೊರೆಯದೆ, 4.1 ಮಿ.ಮೀ. ವ್ಯಾಸದವನ್ನೇ ಜೋಡಿಸಬೇಕಾಯಿತು. ಹಲವು ವರ್ಷಗಳ ಕ್ಷಕಿರಣ ಚಿತ್ರಗಳಲ್ಲಿ ಮೂಳೆ ನಿರೀಕ್ಷೆಗಿಂತ ಮೇಲ್ಮಟ್ಟದಲ್ಲಿ ಉಳಿದಿದ್ದುದನ್ನು ಲಜಾರಾ ಮತ್ತು ಪೋರ್ಟರ್ 2006ರಲ್ಲಿ ವಿವರಿಸಿದರು. ಎರಡು ಭಾಗಗಳು ಕೂಡುವ ಸಂದಿನಲ್ಲಿ ಸೂಕ್ಷ್ಮಜೀವಿಗಳು ನೆಲೆಸುತ್ತವೆ. ಅದರ ಸುತ್ತ ಉರಿಯೂತದ ಕಣಗಳು ಸೇರುತ್ತವೆ. ಕಂಬ ಕಿರಿದಾದರೆ ಆ ಸಂದು ಒಳಕ್ಕೆ ಸರಿದು ಮೂಳೆಯಿಂದ ದೂರವಾಗುತ್ತದೆಂಬುದು ಅವರ ವಿವರಣೆ.

ಹಾಗೆಂದು ಆಕಾರವನ್ನೇ ಸರ್ವಸ್ವವೆನ್ನುವುದೂ ಸಾಧುವಲ್ಲ. ವಸಡು ತೆಳುವಾಗಿದ್ದಲ್ಲಿ ಈ ಜೋಡಣೆಯಿಂದಲೂ ಮೂಳೆ ಉಳಿಯದೆಂದು ಲಿಂಕೆವಿಚಿಯಸ್ ಮೊದಲಾದವರು ತೋರಿಸಿದ್ದಾರೆ. ಒರಟು ಮೈಯ ಇಂಪ್ಲಾಂಟಿಗೆ ಮೂಳೆ ಬೇಗ ಕಚ್ಚಿಕೊಳ್ಳುವುದು ನಿಜ. ಆದರೆ ಮೂಳೆ ಇಳಿದು ಆ ಮೈ ಬಯಲಾದಾಗ ಅಲ್ಲಿ ಕಟ್ಟಿದ ಕೊಳೆಯನ್ನು ತೆಗೆಯುವುದು ಕಷ್ಟ. ಇದಲ್ಲದೆ ಸಾಮಾನ್ಯ ಕ್ಷಕಿರಣ ಚಿತ್ರವು ಇಂಪ್ಲಾಂಟಿನ ಎರಡು ಪಕ್ಕಗಳ ಮೂಳೆಯನ್ನಷ್ಟೇ ತೋರಿಸುತ್ತದೆ. ಕೆನ್ನೆಯ ಕಡೆಯ ತೆಳು ಗೋಡೆ ಅದರಲ್ಲಿ ಕಾಣದು. ಆಕಾರಗಳ ತಾರತಮ್ಯವನ್ನು ಹೇಳುವ ಎಷ್ಟೋ ಲೇಖನಗಳು ಈ ಎರಡು ಪಕ್ಕಗಳ ಅಳತೆಯನ್ನೇ ಆಧರಿಸಿವೆ.

ಹಳೆಯ ಲೆಕ್ಕವನ್ನು ಕೊನೆಯವರೆಗೆ ನಡೆಸಿ ನೋಡಬಹುದು. ಮೊದಲ ವರ್ಷ 1.5 ಮಿ.ಮೀ., ಮುಂದಿನ ಹತ್ತೊಂಬತ್ತು ವರ್ಷ 0.2ರ ಅಂಚಿನಲ್ಲಿ ಎಂದರೆ, 10 ಮಿ.ಮೀ. ಉದ್ದದ ಇಂಪ್ಲಾಂಟು ಇಪ್ಪತ್ತು ವರ್ಷಗಳಲ್ಲಿ ತನ್ನ ಆಧಾರದ ಅರ್ಧವನ್ನು ಕಳೆದುಕೊಂಡೂ ‘ಸಫಲ’ವೆನಿಸೀತು. ಆದರೆ 2017ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ, ಹಿಂದಿನ ಚಿತ್ರಗಳು ಲಭ್ಯವಿಲ್ಲದಾಗ, ರಕ್ತಸ್ರಾವದೊಡನೆ 6 ಮಿ.ಮೀ. ಅಥವಾ ಹೆಚ್ಚಿನ ವಸಡಿನ ಆಳವೂ 3 ಮಿ.ಮೀ. ಅಥವಾ ಹೆಚ್ಚಿನ ಮೂಳೆನಷ್ಟವೂ ಕಂಡರೆ ಅದು ರೋಗವೇ ಸರಿ. ಸವೆತದ ಮೊತ್ತವೊಂದನ್ನೇ ನೋಡುವ ಅಳತೆಗೋಲು ವಸಡಿನ ಸ್ಥಿತಿಯನ್ನು ಕಾಣಿಸಲಾರದು.

ಆದುದರಿಂದ ಕೃತಕದಂತವನ್ನು ಕೂರಿಸಿದ ದಿನದ ಚಿತ್ರವನ್ನು ಆಯಾ ರೋಗಿಗೆ ಆಧಾರವಾಗಿಟ್ಟುಕೊಂಡು, ಇಂಪ್ಲಾಂಟಿನ ಬಗೆ, ವಸಡಿನ ದಪ್ಪ, ರಕ್ತಸ್ರಾವ ಇವನ್ನು ಜೊತೆಯಲ್ಲಿಯೇ ದಾಖಲಿಸುವುದು ಅವಶ್ಯ. ಮೊದಲ ವರ್ಷದ ನಷ್ಟವನ್ನು ಸಹಜವೆಂದು ಕ್ಷಮಿಸುವ ಮುನ್ನ, ಅದು ಯಾವ ಆಕಾರದ ಫಲವೆಂದು ವಿಚಾರಿಸುವುದು ಸಂಶೋಧಕರ ಕರ್ತವ್ಯ. ಆ ನಷ್ಟವನ್ನು ತನ್ನ ದವಡೆಯಲ್ಲಿ ಹೊರುವವನು ರೋಗಿ.