ಒಂದೇ ಸಾಲು, ಹಲವು ಕವಿಗಳು

ಮುಶಾಯಿರಾಗಳಲ್ಲಿ 'ತರಹಿ' ಎಂಬ ಬಗೆಯೊಂದಿದೆ. ಮೊದಲೇ ಒಂದು ಸಾಲು ಕೊಡುತ್ತಾರೆ. ಅದರ ಛಂದಸ್ಸು, ಕಾಫಿಯಾ, ರದೀಫ್ ಹಿಡಿದು ಪ್ರತಿಯೊಬ್ಬರೂ ತಮ್ಮ ಗಜಲ್ ಬರೆದು ತರಬೇಕು. ಅವಧಾನದ ಸಮಸ್ಯಾಪೂರಣಕ್ಕೂ ಇದಕ್ಕೂ ಹತ್ತಿರದ ನೆಂಟಸ್ತನ. ಭಟ್ಕಳದಲ್ಲಿ ಉರ್ದುವಿನಲ್ಲೂ ನವಾಯತಿಯಲ್ಲೂ ಬರೆಯುವವರಿದ್ದಾರೆ; ಕವಿತೆಯನ್ನೇ ಕಸುಬು ಮಾಡಿಕೊಂಡವರಲ್ಲ.

ಇಂಥ ಕಟ್ಟಳೆಯಿಂದ ಕವಿತೆ ಹುಟ್ಟುತ್ತದೆಯೇ? ಹುಟ್ಟುತ್ತದೆ, ಆದರೆ ಅಪರೂಪಕ್ಕೆ. ಕೊಟ್ಟ ಸಾಲಿಗೆ ತನ್ನದೊಂದು ಸಾಲು ಜೋಡಿಸುವುದಕ್ಕೆ 'ಗಿರಹ್', ಅಂದರೆ ಗಂಟು, ಎನ್ನುತ್ತಾರೆ. ಕವಿಯ ಬಂಡವಾಳ ಬಯಲಾಗುವುದು ಅಲ್ಲೇ. ಕಾಫಿಯಾ ಎಲ್ಲರಿಗೂ ಒಂದೇ ಆದ್ದರಿಂದ ಐದನೆಯ ಕವಿ ಬರುವ ಹೊತ್ತಿಗೆ ಪ್ರಾಸವನ್ನು ಕೇಳುಗರೇ ಮುಂಚಿತವಾಗಿ ಹೇಳಿಬಿಡಬಹುದು. ಆಮೇಲಿನ 'ವಾಹ್ ವಾಹ್' ಪ್ರಾಸಕ್ಕೆ ಸಲ್ಲುತ್ತದೆ, ವಿಚಾರಕ್ಕಲ್ಲ.

ಹೊನ್ನಾವರ, ಕುಮಟಾ ಕಡೆಯ ತಾಳಮದ್ದಲೆಯಲ್ಲೂ ಎಲ್ಲರಿಗೂ ಪ್ರಸಂಗ ಒಂದೇ. ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ್ಯಕ್ಕೆ ಅರ್ಥಧಾರಿ ಅಲ್ಲಿಯೇ ಮಾತು ಕಟ್ಟಬೇಕು. ಎದುರು ಕುಳಿತವನು ಬಿಡುವುದಿಲ್ಲ. ವಾಲಿ ಕೇಳಿದ್ದಕ್ಕೆ ರಾಮ ಉತ್ತರಿಸಲೇಬೇಕು. ತರಹಿಯಲ್ಲಿ ನಮಗೆ ಕಾಣುವ ಕೊರತೆ ಇದೇ: ಒಬ್ಬರ ಶೇರ್‌ಗೆ ಇನ್ನೊಬ್ಬರು ಜವಾಬು ಕೊಡುವುದಿಲ್ಲ.

ಇನ್ನೊಂದು ಮಾತು. ನವಾಯತಿ ಕೊಂಕಣಿಯ ಬಳಗದ್ದು, ಬರೆಯುವುದು ಮಾತ್ರ ಉರ್ದು ಲಿಪಿಯಲ್ಲಿ. ಕುಮಟಾದ ಕೊಂಕಣಿಗರು ಕಿವಿಗೊಟ್ಟರೆ ಎಷ್ಟೋ ತಿಳಿದೀತು. ಪುಸ್ತಕ ಕೈಗೆ ಕೊಟ್ಟರೆ ಒಂದಕ್ಷರವೂ ಹತ್ತದು. ಈ ಗಜಲುಗಳನ್ನು ನಾವು ಕನ್ನಡ ಲಿಪಿಯಲ್ಲೂ ಅಚ್ಚು ಹಾಕಿಸಬಾರದೇಕೆ?